ಕಾಶವ್ವನ ಸುಣ್ಣದ ಗೋಡೆ

ಕಪಾಟು ಸ್ವಚ್ಛ ಮಾಡುವಾಗ ಒಂದು ಹಳೆಯ ಕಾಗದದ ಪೊಟ್ಟಣ ಸಿಕ್ಕಿತು. "ಇದೇನ್ರಿ, ಕೆಟ್ಟ ಚಾಪುಡಿ?" ಎಂದು ಹೆಂಡತಿ ಕಸದಬುಟ್ಟಿ ಹಿಡಿದಳು.

"ಏ, ತಡಿ ತಡಿ! ಅದು ನನ್ನ ಎಮ್ಮೆಸ್ಸಿ!"

ನಗಬೇಡಿ. ನಾನು ಓದಿದ್ದೇ ಗೋಡೆಯ ಪಾಚಿಯನ್ನು. ಸವಣೂರಿನ ಒಂದು ವೀಳ್ಯದೆಲೆ ತೋಟದ ಬಾವಿಯ ಮೆಟ್ಟಿಲ ಮೇಲೆ ಸಾಸಿವೆಕಾಳಿನಷ್ಟೇ ಎತ್ತರದ ಒಂದು ಪಾಚಿ ಕಂಡಿದ್ದೆ. ಅದು ಯಾವ ಜಾತಿ ಎಂದು ಖಚಿತವಾಗಲು ಅದರ ತಲೆಯ ಮೇಲೆ ಬೀಜಕಣಗಳ ಪುಟ್ಟ ಡಬ್ಬಿ ಬಲಿಯಬೇಕು; ಅಂದು ಅದಿನ್ನೂ ಬಲಿತಿರಲಿಲ್ಲ. ಡಬ್ಬಿ ಇಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ನಮ್ಮ ಗುರುಗಳ ಸಹಿ ಇಲ್ಲ. ತೋಟದ ಒಡತಿ ಕಾಶವ್ವನಿಗೆ, "ಸೋಮವಾರ ಮತ್ತ ಬಾವಿ ನೋಡಾಕ ಬರ್ತೇನ್ರಿ" ಎಂದಷ್ಟೇ ಹೇಳಿದೆ. ಪಾಚಿ ಎಂದರೆ ನಕ್ಕಾಳೆಂಬ ನಾಚಿಕೆ. ದೊಡ್ಡ ವಿಜ್ಞಾನಿ ನೋಡಿ!

ಸೋಮವಾರ ಯಲವಿಗಿಯಲ್ಲಿ ರೈಲಿಳಿದು, ಟೆಂಪೋ ಹಿಡಿದು ಹೋದರೆ ಮೆಟ್ಟಿಲು ಫಳಫಳ.

"ತಮ್ಮಾ, ನೀ ಜಾರಿ ಬಿದ್ದೀ ಅಂತ ನಿನ್ನಿ ದಿನಪೂರ್ತಿ ಕುಂತು ತಿಕ್ಕೇನಿ. ಕರಟಾ ಸವದು ಹೋತು ನೋಡು!" ಎಂದು ಕಾಶವ್ವ ಬೀಗಿದಳು.

ನನಗೆ ಅಳುವೇ ಬಂತು. "ಯವ್ವಾ, ನನಗ ಆ ಪಾಚೀನ ಬೇಕಾಗಿತ್ರಿ."

ಅವಳು ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ನಿನ್ನ! ಮದ್ಲ ಹೇಳಾಕ ಏನಾಗಿತ್ತು? ಬಾ ಇಲ್ಲೆ."

ಮನೆಯ ಹಿಂದೆ, ಕುಡಿಯುವ ನೀರಿನ ಹರವಿಯ ಪಕ್ಕದ ಗೋಡೆಗೆ ಕರೆದೊಯ್ದಳು. ಎಲೆಅಡಿಕೆ ಹಾಕಿಕೊಂಡು ಬೆರಳಿಗೆ ಉಳಿದ ಸುಣ್ಣವನ್ನು ಅವಳು ಒರೆಸುತ್ತಿದ್ದುದು ಆ ಗೋಡೆಗೇ. ಎಷ್ಟೋ ವರ್ಷದ ಸುಣ್ಣ, ಅದರ ಮೇಲೆ ಸದಾ ಹರವಿಯ ಒಸರು. ಅವಳ ಹಳೆಯ ಬೆರಳ ಗುರುತುಗಳ ಮೇಲೆಲ್ಲ ನನ್ನ ಪಾಚಿ! ಮಸೂರ ಹಿಡಿದೆ. ಒಂದೊಂದರ ತಲೆಯ ಮೇಲೂ ಬಲಿತ ಕಂದು ಡಬ್ಬಿ. ನಾನು ಕುಣಿದೆನೆಂದು ಆಮೇಲೆ ಕಾಶವ್ವ ಓಣಿಗೆಲ್ಲ ಹೇಳಿದಳಂತೆ, ಇಲ್ಲವೆನ್ನಲಾರೆ.

"ಇದಕ್ಕ ಸುಣ್ಣ ಸೇರ್ತೈತೇನ?"

"ಹಳೇ ಸುಣ್ಣ ಅಂದ್ರ ಜೀವಾ ಬಿಡ್ತೈತ್ರಿ."

"ಹಂಗಾರ ನನ್ನಂಗ ಐತಿ ಬಿಡು."

ಹೆಸರು ಸಿಕ್ಕಿತು, ಸಹಿಯೂ ಬಿತ್ತು. ಪೊಟ್ಟಣದ ಮೇಲೆ ಅಂದು ಬರೆದದ್ದನ್ನು ಈಗ ಓದಿದೆ: 'ನೆಲೆ: ಒದ್ದೆ ಸುಣ್ಣದ ಗೋಡೆ, ಸವಣೂರು. ಹುಡುಕಿದವರು:' ಮುಂದೆ ದಪ್ಪ ಅಕ್ಷರದಲ್ಲಿ ನನ್ನದೊಂದೇ ಹೆಸರು. ನಾಚಿಕೆಯಾಯಿತು.

ಪೊಟ್ಟಣದೊಳಗಿನ ಒಣಗಿದ ಪಾಚಿಯನ್ನು ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟೆ. ಮುದುಡಿದ್ದ ಎಲೆಗಳು ಮೆಲ್ಲಗೆ ಬಿಚ್ಚಿಕೊಂಡವು. ಹೆಂಡತಿ ಬುಟ್ಟಿ ಕೆಳಗಿಟ್ಟು ಬಗ್ಗಿ ನೋಡಿದಳು.

"ಪೆನ್ನು ಕೊಡು" ಎಂದೆ. ನನ್ನ ಹೆಸರು ಹೊಡೆದುಹಾಕಿ ಬರೆದೆ: 'ಹುಡುಕಿದವರು: ಕಾಶವ್ವ. ನೆಲೆ: ಅವಳು ಬೆರಳು ಒರೆಸುತ್ತಿದ್ದ ಗೋಡೆ.'