ಸಾಹೇಬರ ಹುಲ್ಲಿನ ಹೂವು

ಯುದ್ಧದ ಕಾಲದಲ್ಲಿ ನಾನು ದೇವನಹಳ್ಳಿಯ ಮುಸಾಫಿರ್ ಬಂಗಲೆಯಲ್ಲಿ ಮಾಲಿಯಾಗಿದ್ದೆ. ಇಂಜಿನಿಯರ್ ಸಾಹೇಬರು ಎಲ್ಲಿಂದಲೋ ಒಂದು ಅಲಂಕಾರದ ಹುಲ್ಲು ತರಿಸಿ ಮೆಟ್ಟಿಲ ಪಕ್ಕ ನೆಡಿಸಿದರು. ಬೆಳ್ಳಗೆ, ಚಾಮರದ ಹಾಗೆ ಹೂ ಬಿಡುತ್ತದಂತೆ. ಬಿಡಲಿಲ್ಲ. "ಈ ದಸರಾಕ್ಕೂ ಹೂ ಕಾಣದಿದ್ದರೆ ಬೇರೆ ಮಾಲಿ ನೋಡಿಕೊಳ್ಳುತ್ತೇನೆ" ಎಂದು ಹೇಳಿಹೋದರು.

ಹುಲ್ಲು ಸೊಕ್ಕಿದರೆ ಹೂ ಬಿಡುವುದಿಲ್ಲವೆಂದು ಗೊಬ್ಬರ ನಿಲ್ಲಿಸಿದೆ, ನೀರು ಕಡಿಮೆ ಮಾಡಿದೆ. ದಸರಾ ಹೊತ್ತಿಗೆ ಹೊಡೆ ಕಟ್ಟಿತು, ಇನ್ನೇನು ಹೂ ಒಡೆಯಬೇಕು. ಸಾಹೇಬರು ಬರುವ ಹಿಂದಿನ ದಿನ ನೋಡಿದರೆ ಹುಲ್ಲಿದ್ದ ಕಡೆ ಬರೀ ಮೋಟು. ಬಂಗಲೆಗೆ ಹಾಲು ಹಾಕುವ ಮುನಿಯಕ್ಕ ಕುಡುಗೋಲು ಪಕ್ಕಕ್ಕಿಟ್ಟು ಹೊರೆ ಕಟ್ಟುತ್ತಿದ್ದಳು.

"ಇದೇನಕ್ಕಾ ಮಾಡ್ಬಿಟ್ಟೆ?"

"ನಿಂಗೆ ಬುದ್ಧಿ ಬೇಡ್ವೇನಪ್ಪಾ? ಹೂ ಬಂದ್ಮೇಲೆ ಹುಲ್ಲು ಬಲಿತೋಗ್ತದೆ, ದನ ಮೂಸೂ ನೋಡಲ್ಲ. ನೀನು ಪಟ್ಟ ಕಷ್ಟ ಮಣ್ಣಾಗ್ಬಾರ್ದು ಅಂತ ಓಡ್ಬಂದು ಕೊಯ್ದೆ."

"ಹೂವಿಗೆ ಅಂತಲೇ ಬೆಳೆಸಿದ್ದು ಕಣಕ್ಕಾ."

"ಹುಲ್ಲಿನ ಹೂವಾ? ಯಾರ್ ಮುಡ್ಕೋತಾರೆ, ನಿಮ್ ಸಾಹೇಬ್ರಾ?"

ಮಾರನೇ ದಿನ ಸಾಹೇಬರು ಬಂದರು. ಮೋಟು ನೋಡಿದರು, ನನ್ನನ್ನು ನೋಡಿದರು. ಕಾಫಿಗೆ ಕೂತರು. ನಾನು ಗಂಟು ಕಟ್ಟುವ ಯೋಚನೆಯಲ್ಲಿದ್ದೆ.

ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು. "ಹಾಲು ಇಷ್ಟು ಗಟ್ಟಿಯಾಗಿದೆಯಲ್ಲ. ದನಕ್ಕೆ ಏನು ಹಾಕುತ್ತಾಳಪ್ಪಾ ಹಾಲಿನಾಕೆ?"

"ಹೂ ಒಡೆಯುವ ಮೊದಲೇ ಕೊಯ್ದ ತಮ್ಮ ಹುಲ್ಲು, ಸ್ವಾಮಿ."

ಇನ್ನೊಂದು ಲೋಟ ತರಿಸಿಕೊಂಡರು.

ಮುಂದಿನ ವರ್ಷ ಬರುವ ಮೊದಲೇ ಜವಾನನ ಕೈಲಿ ಹೇಳಿಕಳಿಸಿದರು: ಹುಲ್ಲು ಹೂ ಒಡೆಯುವ ಹಾಗಿದ್ದರೆ ಬೇಗ ಕೊಯ್ಯಿಸಿಬಿಡು.