ದುರ್ಗಕ್ಕನ ಶೆಡ್ಡಿನಲ್ಲಿ ಮಾತಿಗೆ ತಡೆಯಿಲ್ಲ

ಕಂಪ್ಲಿಯ ಅಕ್ಕಿ ಗಿರಣಿಯೊಂದರ ಹಿಂದೆ ತಗಡಿನ ಶೆಡ್ಡು. ಹೊತ್ತು ಮೂಡುವ ಮೊದಲೇ ದುರ್ಗಕ್ಕ ನೆಲ ಗುಡಿಸಿ, ಹರಿದ ಗೋಣಿಚೀಲಗಳನ್ನು ಕೊಡವಿ ನಡುವೆ ರಾಶಿ ಹಾಕುತ್ತಾರೆ. ದಬ್ಬಣಕ್ಕೆ ಸುತಳಿ ಪೋಣಿಸುವಷ್ಟರಲ್ಲಿ ಉಳಿದವರು ಒಬ್ಬೊಬ್ಬರೇ ಬರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕಾದಿರುತ್ತದೆ. "ಮಗಳ ಜ್ವರ ಇಳೀತಾ?" "ಕಣ್ಯಾಕ ಕೆಂಪಾಗ್ಯಾವ, ನಿದ್ದಿ ಮಾಡಿಲ್ಲೇನು?" ಉತ್ತರ ಕೇಳಿದ ಮೇಲೆಯೇ ಕೈಗೆ ಚೀಲ.

ದುರ್ಗಕ್ಕನಿಗೆ ಐವತ್ತೆರಡು. ಹನ್ನೊಂದು ವರ್ಷದಿಂದ ಇಲ್ಲಿ ಚೀಲಕ್ಕೆ ತೇಪೆ ಹಾಕುತ್ತಿದ್ದಾರೆ. ಹತ್ತು ಹೆಂಗಸರ ಈ ಗುಂಪು ದಿನಕ್ಕೆ ಏಳುನೂರು ಚೀಲ ಹೊಲಿಯುತ್ತದೆ. ದುರ್ಗಕ್ಕನಿಗೆ ಮೇಸ್ತ್ರಿ ಎಂಬ ಹುದ್ದೆಯೇನಿಲ್ಲ.

ಇದಕ್ಕೂ ಮೊದಲು ಅವರು ಸಂಡೂರಿನ ಕಡೆ ಗಣಿಯಲ್ಲಿ ಅದಿರು ಆರಿಸುತ್ತಿದ್ದರು. ಒಂದು ಮಧ್ಯಾಹ್ನ ಬಿಸಿಲಿಗೆ ತಲೆಸುತ್ತಿ ಬಿದ್ದರು. "ನಾಕು ವರ್ಷ ದುಡದಿದ್ದೆ ಸರ. ನನ್ನ ಹೆಸರೇನು, ಮನಿ ಎಲ್ಲಿ, ಒಬ್ಬರಿಗೂ ಗೊತ್ತಿರಲಿಲ್ಲ. ಯಾರಿಗೆ ಸುದ್ದಿ ಮುಟ್ಟಸ್ಬೇಕಂತ ತಿಳೀದ ಸಂಜೀ ತನಕ ನೆಳ್ಳಾಗ ಮಲಗ್ಸಿದ್ರು. ಅವತ್ತ ಅನ್ಕೊಂಡೆ, ನಾ ಇರೋ ಕಡೆ ಯಾರಿಗೂ ಹಿಂಗ ಆಗಬಾರದು."

ಕಳೆದ ವರ್ಷ ಗಿರಣಿ ಮಾಲೀಕ ಸಿದ್ದಲಿಂಗೇಶ್ ಅವರಿಗೆ ಈ ಹರಟೆ ಅತಿಯಾಯಿತು ಅನ್ನಿಸಿತು. ಹತ್ತೂ ಜನರನ್ನು ದೂರ ದೂರ, ಗೋಡೆಗೆ ಮುಖ ಮಾಡಿ ಕೂರಿಸಿದರು. ಶೆಡ್ಡು ಸುಮ್ಮನಾಯಿತು, ಆದರೆ ತಿಂಗಳೊಳಗೆ ಚೀಲಗಳ ಎಣಿಕೆ ಐನೂರಕ್ಕೆ ಇಳಿಯಿತು. ಹೊಲಿದ ಚೀಲಗಳಿಂದ ಅಕ್ಕಿ ಸೋರತೊಡಗಿತು. ಗಂಡನನ್ನು ಆಗಷ್ಟೇ ಕಳೆದುಕೊಂಡಿದ್ದ ಹೊನ್ನೂರಮ್ಮ ಗೋಡೆ ನೋಡುತ್ತಾ ಅಳುತ್ತಿದ್ದರು. ಕೊನೆಗೆ ಬರುವುದನ್ನೇ ಬಿಟ್ಟರು. ಮಾಲೀಕರು ಇಡೀ ಗುಂಪನ್ನೇ ಬಿಡಿಸಿ, ಕೆಲಸವನ್ನು ಹೊಸಪೇಟೆಯ ಗುತ್ತಿಗೆದಾರನಿಗೆ ವಹಿಸುವ ಮಾತಾಡಿದರು.

ದುರ್ಗಕ್ಕ ಮೊದಲ ಸಲ ಅವರ ಕೋಣೆಗೆ ಹೋದರು.

"ಸಾವ್ಕಾರ್ರೆ, ಒಂದ್ ವಾರ ನಮ್ಮನ್ನ ಮೊದಲಿನಂಗ ಕೂಡಿ ಕುಂದ್ರಸ್ರಿ. ಚೀಲ ಕಡಿಮಿ ಬಿದ್ರ ಮೊದಲು ನನ್ನ ಬಿಡಸ್ರಿ."

ಮಾಲೀಕರು ಒಪ್ಪಿದರು. ಅಂದೇ ಸಂಜೆ ದುರ್ಗಕ್ಕ ಎಲ್ಲರನ್ನೂ ಕರೆದುಕೊಂಡು ಹೊನ್ನೂರಮ್ಮನ ಮನೆಗೆ ಹೋದರು. ಕೆಲಸದ ಮಾತೇ ಎತ್ತಲಿಲ್ಲ. ಒಲೆ ಹಚ್ಚಿ, ರೊಟ್ಟಿ ಬಡಿದು, ಜೊತೆಗೆ ಕೂತು ಉಣ್ಣಿಸಿ ಬಂದರು. ಮರುದಿನ ಹೊನ್ನೂರಮ್ಮ ತಾವಾಗಿಯೇ ಶೆಡ್ಡಿಗೆ ಬಂದರು.

ಆ ವಾರದ ನಾಲ್ಕನೇ ದಿನ ಹೊನ್ನೂರಮ್ಮನ ಅತ್ತೆ ಕಾಲು ಜಾರಿ ಬಿದ್ದರು. ಆಸ್ಪತ್ರೆಗೆ ಹೊನ್ನೂರಮ್ಮನ ಜೊತೆ ಗುಂಪಿನ ಇನ್ನಿಬ್ಬರು ಹೋಗಬೇಕಾಯಿತು. ಉಳಿದ ಏಳು ಜನ ಯಾರೂ ಹೇಳದೆಯೇ ಸಂಜೆ ಕೂತು ಮೂವರ ಪಾಲನ್ನೂ ಹೊಲಿದರು. ವಾರದ ಕೊನೆಗೆ ದಿನದ ಎಣಿಕೆ ಏಳುನೂರ ನಲವತ್ತು ಮುಟ್ಟಿತ್ತು. ಒಂದು ಚೀಲವೂ ಸೋರಲಿಲ್ಲ.

"ಮಾತು ಅಂದ್ರ ಹೊತ್ತು ಹಾಳು ಅಂತ ತಿಳ್ಕೊಂಡಿದ್ದೆ," ಎನ್ನುತ್ತಾರೆ ಸಿದ್ದಲಿಂಗೇಶ್. "ದುರ್ಗಕ್ಕ ಅವತ್ತು ಒಳಗ ಬರದಿದ್ರ ನಾ ಭಾಳ ದೊಡ್ಡ ತಪ್ಪು ಮಾಡ್ತಿದ್ದೆ. ಆಕಿ ಋಣ ನನ್ನ ಮ್ಯಾಲೈತಿ." ಹೊನ್ನೂರಮ್ಮ ದಬ್ಬಣ ನಿಲ್ಲಿಸದೆ ಹೇಳುತ್ತಾರೆ: "ಮನ್ಯಾಗ ಅಳೂದು ಬಿಟ್ರ ಏನಿರಲಿಲ್ಲ. ಇಲ್ಲಿ ಬಂದ್ರ ನಗ್ತೀನಿ. ನಕ್ರ ಕೈ ತಾನ ಓಡ್ತೈತಿ."

ಹೊಗಳಿಕೆ ಕೇಳಿ ದುರ್ಗಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ನಾನೇನ್ ಮಾಡೀನಿ ಸರ, ಕೇಳೀನಿ ಅಷ್ಟ," ಎಂದು ನಗುತ್ತಾರೆ. ಮೊಣಕಾಲು ನೋಯುತ್ತಿದೆ, ಇನ್ನೆರಡು ವರ್ಷ ದುಡಿದರೆ ಹೆಚ್ಚು ಎಂದು ಅವರಿಗೇ ಗೊತ್ತು. ಆಸೆ ಏನಾದರೂ ಇದೆಯೇ ಎಂದರೆ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಹೇಳುತ್ತಾರೆ:

"ನಾ ಬಿಟ್ಟ ಮ್ಯಾಲೆ ನನ್ನ ಜಾಗಕ್ಕ ಯಾರೋ ಒಬ್ಬಾಕಿ ಬರ್ತಾಳ. ಆಕೀಗೆ ಮೊದಲ ದಿನಾನ ಚೀಲ ಎಷ್ಟು ಹೊಲೀತಿ ಅಂತ ಕೇಳಬ್ಯಾಡ್ರಿ. ಬುತ್ತಿ ಬಿಚ್ಚು, ಕೂಡಿ ಉಣ್ಣೋಣ ಅನ್ರಿ. ಅಷ್ಟಾದ್ರ ಸಾಕು."