ಚೀಲಕ್ಕೆ ಹೋದ ಮಾವನ ಉಡದಾರ

ಗೆಳೆಯರೇ, ನನ್ನ ನಗು ಇನ್ನೂ ನಿಂತಿಲ್ಲ, ಕೇಳಿ. ಇವತ್ತು ಶುಕ್ರವಾರ, ನಮ್ಮ ನಿಜಾಮರ ಕಚೇರಿಗೆ ರಜೆ. ನನಗೆ ಹೆಣ್ಣು ನೋಡಲೆಂದು ಸೋದರಮಾವನ ಜೊತೆ ಆಳಂದದಿಂದ ಸರಸಂಬಾಕ್ಕೆ ನಡೆದು ಹೊರಟಿದ್ದೆ. ಅರ್ಧ ದಾರಿಯಲ್ಲಿ ಹೆಗಲ ಚೀಲದ ಪಟ್ಟಿ ಕಿತ್ತು, ಬುತ್ತಿಯ ರೊಟ್ಟಿಯೆಲ್ಲ ಧೂಳಿಗೆ ಬಿತ್ತು. ಮಾವ ಜಾಲಿಮುಳ್ಳಿನಿಂದ ಚೀಲಕ್ಕೆ ತೂತು ಕೊರೆದ. ಪೋಣಿಸಲು ದಾರವಿರಲಿಲ್ಲ. ತನ್ನ ನಡುವಿನ ಉಡದಾರವನ್ನೇ ಬಿಚ್ಚಿ ಪಟ್ಟಿ ಹೊಲಿದುಬಿಟ್ಟ.

"ಎತ್ತು ಜಗ್ಗಿದ್ರೂ ಹರಿಯಂಗಿಲ್ಲ ನೋಡಲೇ!"

ಚೀಲವೇನೋ ಗಟ್ಟಿಯಾಯಿತು. ಆದರೆ ಉಡದಾರಕ್ಕೆ ಸಿಕ್ಕಿಸಿದ್ದ ಧೋತ್ರ ಸಡಿಲಾಯಿತು. ಮಾವ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಊರು ಮುಟ್ಟಿದ.

ಹುಡುಗಿಯ ಅಪ್ಪ ಅಂಗಳಕ್ಕೆ ಬಂದು ಎರಡೂ ಕೈ ಮುಗಿದು "ಶರಣ್ರೀ" ಎಂದರು. ಮಾವ ಬಲಗೈಯನ್ನಷ್ಟೇ ಎತ್ತಿದ. ಅವರ ಮುಖ ಕೆಂಪಾಯಿತು.

"ಒಂದ ಕೈಲೆ ಶರಣಂತೀರಿ? ನಮ್ಮ ಮನಿ ಅಷ್ಟ ಸಣ್ಣದಾತೇನ್ರೀ?"

ನನ್ನ ಮದುವೆ ಅಂಗಳದಲ್ಲೇ ಮುಗಿಯಿತು ಎಂದುಕೊಂಡೆ. ಮಾವ ಧೋತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಮನಿ ದೊಡ್ಡದೇ ಅದರಿ. ಈ ಕೈ ಬಿಟ್ರ ನನ್ನ ಮರ್ಯಾದಿ ಸಣ್ಣದಾಗ್ತದ್ರಿ!"

ಒಳಗಿನಿಂದ ಹುಡುಗಿಯ ನಗು ಸಿಡಿಯಿತು. ಹಿಂದೆಯೇ ಅವಳ ದನಿ: "ಅಪ್ಪಾ, ಮೊದಲ ಅವರಿಗೊಂದು ಹಗ್ಗ ಕೊಡ್ರಿ. ಚಹಾ ಆಮೇಲೆ ಕೊಡೂಣು."

ಅವಳ ಮುಖ ನೋಡುವ ಮೊದಲೇ ನಾನು ಒಪ್ಪಿಬಿಟ್ಟೆ. ಅವರೂ ಒಪ್ಪಿದ್ದಾರೆ. ಹುಡುಗಿಯದು ಒಂದೇ ಷರತ್ತು: ಮದುವೆಯಲ್ಲಿ ಮಾವ ಅಕ್ಷತೆಯ ಅಕ್ಕಿಕಾಳನ್ನು ಎರಡೂ ಕೈಯಿಂದ ಹಾಕಬೇಕಂತೆ.